ಹುಡುಗಿಯ ಅಪ್ಪ ಬೇಡವೆಂದದ್ದೇಕೆ

ಮೊನ್ನೆ ಗುರುವಾರ ಮಧ್ಯಾಹ್ನ ನನ್ನ ತಾಟಿಗೆ ಬಿದ್ದ ಜೋಳದ ರೊಟ್ಟಿ ಸೀದಿತ್ತು. ನನ್ನ ಹೆಂಡತಿ ರೊಟ್ಟಿ ಸೀಯಿಸುವವಳಲ್ಲ. ಅವಳ ಹಂಚಿನ ಮೇಲೆ ಸೀದಿದೆ ಎಂದರೆ ಅದನ್ನು ಅಡುಗೆಯ ತಪ್ಪು ಎನ್ನಬಾರದು, ಬಹಿರಂಗ ಹೇಳಿಕೆ ಎನ್ನಬೇಕು. ಅಂದು ಬೆಳಿಗ್ಗೆ ಮಗಳು ವಿದ್ಯಾ, ಸವದತ್ತಿಯ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಪ್ರಕಾಶನನ್ನು ಮದುವೆಯಾಗುತ್ತೇನೆ ಎಂದಿದ್ದಳು. ನಾನು "ಬ್ಯಾಡ" ಎಂದಿದ್ದೆ.

"ಯಾಕ ಬ್ಯಾಡ?"

"ಬ್ಯಾಡ ಅಂದ್ರ ಬ್ಯಾಡ."

"ಅಪ್ಪಾ, ಐತ್ವಾರ ಅವ ಮನಿಗೆ ಬರತಾನ. ಅಷ್ಟರಾಗ ಒಂದರ ಕಾರಣ ಹುಡುಕಿ ಇಟಗೋ. ಒಂದ ಸಾಕು," ಎಂದವಳೇ ಹೆಲ್ಮೆಟ್ ಹಾಕಿಕೊಂಡು, ಸ್ಕೂಟಿ ಹತ್ತಿ ಕೆಲಸಕ್ಕೆ ಹೊರಟುಹೋದಳು.

ಸೀದ ರೊಟ್ಟಿಯ ವಾಸನೆ ನನ್ನನ್ನು ನಮ್ಮೂರು ದೊಡವಾಡದ ಹಳೆಯ ಮನೆಯ ಪಡಸಾಲೆಗೆ ಒಯ್ದಿತು ಎಂದು ಬರೆಯುವುದು ವಾಡಿಕೆ. ನಿಜ ಹೇಳಬೇಕೆಂದರೆ ಅದು ಎಲ್ಲಿಗೂ ಒಯ್ಯಲಿಲ್ಲ, ತಾಟಿನ ಮುಂದೆ ಕೂತಲ್ಲೇ, ನೆನಪಿನಲ್ಲಿ, ನಾನೇ ಎದ್ದು ಹೋದೆ. ಕಾರಣ ಹುಡುಕುವುದಿತ್ತಲ್ಲ.

ನಾನಾಗ ಹತ್ತು ವರ್ಷದವ. ಎಂಟು ಎನ್ನುತ್ತಾಳೆ ಅಕ್ಕ. ನಮ್ಮೂರ ಸಾಲಿಯ ಮಾಸ್ತರರು ಯಾವುದೋ ದೂರದೇಶದ ಹಳೆಯ ದುರಂತ ನಾಟಕವನ್ನು ಊರ ಗಂಡಸರಿಂದ ಆಡಿಸಲು ಹೊರಟಿದ್ದರು. ಎರಡು ವೈರಿ ಮನೆಗಳು, ಒಂದು ಮನೆಯ ಹುಡುಗ, ಇನ್ನೊಂದು ಮನೆಯ ಹುಡುಗಿ, ಕೊನೆಗೆ ಇಬ್ಬರ ಸಾವು. ನಿಮಗೂ ಗೊತ್ತಿರುವ ಕತೆಯೇ. ಮಾಸ್ತರರು ಒಂದು ಮನೆಯನ್ನು ತೊರಗಲ್ಲಿನಲ್ಲೂ ಇನ್ನೊಂದನ್ನು ದೇಗಾಂವದಲ್ಲೂ ನೆಟ್ಟು, ಎಲ್ಲರಿಗೂ ರುಮಾಲು ಸುತ್ತಿದ್ದರು. ಹುಡುಗಿಯ ಅಪ್ಪನ ಪಾತ್ರ ನಮ್ಮಪ್ಪನಿಗೆ ಬಂದಿತ್ತು. ಮೀಸೆ ಅವನದೇ ಇದ್ದುದರಿಂದ ಅಂಟಿಸುವ ತಾಪತ್ರಯವಿರಲಿಲ್ಲ.

ತಾಲೀಮು ಸಂಜೆ ಹೊತ್ತು ನಮ್ಮ ಪಡಸಾಲೆಯಲ್ಲೇ. ಒಳಗೆ, ಬಾಗಿಲಿನಿಂದ ಕಾಣುವ ಒಲೆಯ ಮುಂದೆ, ಅಪ್ಪನ ತಂಗಿ ನೀಲತ್ತಿ. ಮದುವೆಯಾಗದೆ ಮನೆಯಲ್ಲೇ ಉಳಿದವಳು. ಹನ್ನೊಂದು ಮಂದಿಗೆ ದಿನಾ ಎರಡು ಹೊತ್ತು ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದೇ ನಮ್ಮ ನಾಟಕದ ತಬಲಾ.

ಒಂದು ಸಂಜೆ ಅಪ್ಪ ಎದೆಯುಬ್ಬಿಸಿ, "ಈ ಮದುವೆ ಎಂದಿಗೂ ಆಗಕೂಡದು!" ಎಂದು ಗುಡುಗಿದ. ಒಳಗೆ ತಬಲಾ ನಿಂತಿತು.

"ಅಣ್ಣಾ, ಯಾಕ ಆಗಬಾರದು?"

ಅಪ್ಪ ಮಾಸ್ತರರನ್ನು ನೋಡಿದ. ಮಾಸ್ತರರು ಪುಸ್ತಕ ನೋಡಿದರು. "ಎರಡೂ ಮನಿಗೆ ಹಳೇ ವೈರ ಐತ್ರಿ, ನೀಲಮ್ಮಾರ."

"ಯಾತಕ್ಕ ವೈರ?"

"ಅದನ್ನ ಬರದವರು ಬರದಿಲ್ರಿ."

"ಬರದಿಲ್ಲಂದ್ರ ಮುಚ್ಚಿಟ್ಟಾರ. ಆ ಹುಡುಗಿ ಮನ್ಯಾಗ ಏನ್ ಕೆಲಸ ಮಾಡತಾಳ?"

"ಕೆಲಸ ಏನಿಲ್ರಿ. ಮಾಳಗಿ ಮ್ಯಾಲ ನಿಂತು ಚಂದ್ರನ್ನ ನೋಡತಾಳ."

ಅತ್ತಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನಕ್ಕಳು. "ಹಂಗಾರ ನಿಮ್ಮ ನಾಟಕ ಸುಳ್ಳ ಐತ್ರಿ, ಮಾಸ್ತರ. ಕೆಲಸ ಮಾಡದ ಹುಡುಗಿನ್ನ ಯಾವ ಅಪ್ಪ ಹಿಂಗ ಹಿಡಕೊಂಡು ಕುಂದರತಾನ? ವೈರ, ಮರ್ಯಾದಿ ಎಲ್ಲಾ ಮ್ಯಾಲಿನ ಮಾತು. ಆಕಿ ಹೋದ್ರ ಆ ಮನ್ಯಾಗ ಯಾವ ಕೆಲಸ ನಿಂದರತೈತಿ, ಅದನ್ನ ನೋಡ್ರಿ ಮೊದಲ."

ಹುಡುಗಿಯ ಪಾತ್ರದ ದರ್ಜಿ ಬಸಪ್ಪ ಬೀಡಿ ಆರಿಸಿ, "ನಾ ರೊಟ್ಟಿ ಬಡಿಯೂದಿಲ್ಲ ನೋಡ್ರಿ, ಈಗ ಹೇಳತೇನಿ," ಎಂದ. ಎಲ್ಲರೂ ನಕ್ಕರು.

ಅಪ್ಪ ನಗಲಿಲ್ಲ. ಮಾಸ್ತರರು ಮತ್ತೆ ಅದೇ ಮಾತು ಹೇಳಿಸಲು ಹೋದರೆ ಅವನ ಕಣ್ಣು ಒಳಗಿನ ರೊಟ್ಟಿ ಬುಟ್ಟಿಯ ಮೇಲೆ ನಿಂತಿತ್ತು. ನೀರು ಕೇಳಿದ. ಆ ನೀರನ್ನು ನೀಲತ್ತಿಯೇ ತಂದುಕೊಟ್ಟಳು ಎಂದು ಬರೆಯಲು ಕೈ ತುರಿಸುತ್ತದೆ. ಅಷ್ಟು ಚೆನ್ನಾಗಿ ಹೊಂದುತ್ತದೆ ಎಂಬುದಕ್ಕೇ ನನಗೆ ಅದರ ಮೇಲೆ ಅನುಮಾನ.

ಇದೇ ಅನುಮಾನ ಅಕ್ಕ ಹೇಳುವ ಇನ್ನೊಂದು ಸಂಗತಿಯ ಮೇಲೂ ಇದೆ. ರಾಮದುರ್ಗದ ನೇಕಾರರ ಮನೆಯವನೊಬ್ಬ ನೀಲತ್ತಿಯನ್ನು ಕೇಳಿಕೊಂಡು ಬಂದಿದ್ದನಂತೆ. ನಮ್ಮ ಮನೆತನಕ್ಕೆ ಸರಿಬರುವುದಿಲ್ಲವೆಂದು ಅಪ್ಪನೇ ಕಳಿಸಿಬಿಟ್ಟನಂತೆ.

"ನೀಲತ್ತಿಗೆ ಮನಸಿತ್ತೇನು?" ಎಂದು ನಾನೊಮ್ಮೆ ಕೇಳಿದ್ದೆ.

"ಯಾರಿಗ್ಗೊತ್ತು? ಹೊಸಾ ಸೀರಿ ಬಂದಾಗೊಮ್ಮೆ ಸೆರಗು ತಿರುವಿ ಹಿಂದಿನ ನೇಯ್ಗಿ ನೋಡತಿದ್ಳು. ಅಷ್ಟ ನನಗ ಗೊತ್ತು."

ಸೆರಗನ್ನು ಎಲ್ಲ ಹೆಂಗಸರೂ ತಿರುವಿ ನೋಡುತ್ತಾರೆ. ಅದರ ಮೇಲೆ ನಾನು ಪ್ರೇಮಕತೆ ಕಟ್ಟಲಾರೆ. ನಾನು ಖಾತ್ರಿಯಾಗಿ ಹೇಳಬಹುದಾದದ್ದು ಒಂದೇ: ಅವಳು ಕೊನೆಯವರೆಗೂ ಆ ಒಲೆಯ ಮುಂದೆಯೇ ಇದ್ದಳು, ರೊಟ್ಟಿ ತಿಂದ ಹನ್ನೊಂದು ಮಂದಿಯಲ್ಲಿ ನಾನೂ ಒಬ್ಬ.

ಸೀದ ರೊಟ್ಟಿ ಮುರಿಯುತ್ತ ಅತ್ತಿಯ ಪ್ರಶ್ನೆಯನ್ನು ನನಗೇ ಹಾಕಿಕೊಂಡೆ. ಮೊದಲು ಕೈಗೆ ಸಿಕ್ಕ ಕಾರಣ ಜಾತಿ. ಪ್ರಕಾಶನದು ದಲಿತ ಬೌದ್ಧ ಮನೆತನ, ನಮ್ಮದು ವಿಭೂತಿಯ ಮನೆ. ಸಭೆ ಸಮಾರಂಭಗಳಲ್ಲಿ ಜಾತಿಯ ವಿರುದ್ಧ ಒಂದು ತಾಸು ಮಾತಾಡಬಲ್ಲೆ. ಆದರೆ ಅದು ನನ್ನೊಳಗೆ ಇರಲೇ ಇಲ್ಲ ಎನ್ನುವಷ್ಟು ದೊಡ್ಡವ ನಾನಲ್ಲ. ಇತ್ತು, ನೋಡಿ ನಾಚಿಕೆಯಾಯಿತು. ಅದನ್ನು ಎತ್ತಿ ಹೊರಗಿಟ್ಟ ಮೇಲೂ "ಬ್ಯಾಡ" ಮಾತ್ರ ಕುಂತಲ್ಲಿಂದ ಅಲುಗಲಿಲ್ಲ. ಹಾಗಾದರೆ ವಿದ್ಯಾ ಹೋದರೆ ಈ ಮನೆಯಲ್ಲಿ ಯಾವ ಕೆಲಸ ನಿಲ್ಲುತ್ತದೆ?

ಗೋಡೆಯ ಮೊಳೆಗೆ ಒಂದು ಹೆಲ್ಮೆಟ್ ನೇತಾಡುತ್ತಿತ್ತು. ಅದು ನನ್ನದು, ಹಿಂದೆ ಕೂರುವವನದು. ಐವತ್ತೆಂಟಾದರೂ ನನಗೆ ಸೈಕಲ್ ಬಿಟ್ಟು ಬೇರೇನೂ ಓಡಿಸಲು ಬರುವುದಿಲ್ಲ. ದೇಗಾಂವದ ಗುಡಿ, ತೊರಗಲ್ಲಿನ ಕೋಟೆ ಎಂದು ನಾನು ಹುಚ್ಚು ಹಿಡಿದಾಗಲೆಲ್ಲ ನಾವೀಗ ಇರುವ ಬೈಲಹೊಂಗಲದಿಂದ ಹೊತ್ತೊಯ್ಯುವವಳು ವಿದ್ಯಾ. ನನ್ನ ಬರವಣಿಗೆಯಲ್ಲಿ ಅರ್ಧ ಹುಟ್ಟಿದ್ದು ಅವಳ ಬೆನ್ನ ಹಿಂದೆ ಕುಳಿತು. ಅಪ್ಪನಿಗೆ ರೊಟ್ಟಿ, ನನಗೆ ಸ್ಕೂಟಿ. ನಮ್ಮ ಮನೆತನ ಇಷ್ಟು ಮುಂದುವರಿದಿತ್ತು.

ಐತ್ವಾರ ಪ್ರಕಾಶ ಒಂದು ಚೀಲ ಪೇರಲ ಹಣ್ಣು ಹಿಡಿದು ಬಂದ. ಕುರ್ಚಿಯ ತುದಿಯಲ್ಲಿ ಕೂತ.

"ನನ್ನ ಕಡೆಯಿಂದ ಒಂದ ಅಡಚಣಿ ಐತಿ," ಎಂದೆ.

"ಹೇಳ್ರಿ ಸರ." ಅವನ ಬೆನ್ನು ನೆಟ್ಟಗಾಯಿತು. ಇಂಥ ಮಾತನ್ನು ಬೇರೆ ಮನೆಗಳಲ್ಲಿ ಕೇಳಿ ರೂಢಿಯಿದ್ದ ಬೆನ್ನು ಅದು.

"ನನಗ ಸ್ಕೂಟಿ ಹೊಡಿಯಾಕ ಬರೂದಿಲ್ಲ. ಕಲಸ್ತೀರೇನು?"

ಹೆಂಡತಿ ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಓಡಿದಳು. ವಿದ್ಯಾ ಕಣ್ಣು ಕಿರಿದು ಮಾಡಿ, "ಇದಾ ನಿನ್ನ ಕಾರಣ?" ಎಂದಳು.

"ಒಂದ ಸಾಕು ಅಂತ ನೀನ ಅಂದಿದ್ದೆಲ್ಲ."

ಅದೇ ಸಂಜೆ ಸಂತೆ ಬಯಲಿನಲ್ಲಿ ವಿದ್ಯಾಳ ಹೆಲ್ಮೆಟ್ ಹಾಕಿಕೊಂಡು ನಾನು ಮುಂದೆ ಕೂತೆ. ನನ್ನದನ್ನು ಹಾಕಿಕೊಂಡು ಪ್ರಕಾಶ ಹಿಂದೆ ಕೂತ. ಎರಡು ಸುತ್ತು ಸುಮಾರಾಗಿ ಹೋಯಿತು. ಮೂರನೆಯದರಲ್ಲಿ ಎಲ್ಲಿಂದಲೋ ಒಂದು ಎಮ್ಮೆ ನಿಧಾನವಾಗಿ ನಡುವೆ ಬಂದು ನಿಂತಿತು.

"ಮಾವಾರ, ಬ್ರೇಕ್! ಬ್ರೇಕ್ ಹಿಡೀರಿ, ಮಾವಾರ!"

ಎರಡೂ ಕೈಯಿಂದ ಹಿಡಿದೆ. ಎಮ್ಮೆ ಉಳಿಯಿತು, ನಾವಿಬ್ಬರೂ ನೆಲದ ಮೇಲಿದ್ದೆವು. ನೆನಪನ್ನು ನಂಬದ ನನಗೆ ಸಾಕ್ಷಿಯಾಗಿ ಮೊಣಕಾಲಿನ ಗಾಯ ಇನ್ನೂ ಹಸಿಯಾಗಿದೆ. ಪ್ರಕಾಶ ಮೊದಲು ಎದ್ದು, ನನ್ನ ತೋಳು ಹಿಡಿದು, ಧೂಳು ಕೊಡವುತ್ತ, "ಪೆಟ್ಟಾತೇನ್ರಿ, ಸರ?" ಎಂದ.

"ಪೆಟ್ಟಿರಲಿ. ಬೀಳೂಕಿಂತ ಮೊದಲ ಏನಂದ್ರಿ, ಅದನ್ನ ಅನ್ರಿ," ಎಂದೆ.