ಹೂಂಗುಟ್ಟದ ಫೋನು

ನಮ್ಮ ಅಡುಗೆಮನೆಗೂ ನನ್ನ ಕಂಪ್ಯೂಟರ್ ಮೇಜಿಗೂ ನಡುವೆ ಇರುವುದು ಒಂದೇ ಗೋಡೆ. ಆ ಕಡೆಯಿಂದ ನನ್ನ ಹೆಂಡತಿ ಮಾತಾಡುತ್ತಾಳೆ, ಈ ಕಡೆಯಿಂದ ನಾನು ‘ಹೂಂ’ ಎನ್ನುತ್ತೇನೆ. ನಮ್ಮ ದಾಂಪತ್ಯ ಇಲ್ಲಿಯವರೆಗೆ ನಿರ್ವಿಘ್ನವಾಗಿ ಸಾಗಿಬಂದಿರುವುದು ಈ ಏಕಾಕ್ಷರೀ ಮಂತ್ರದ ಮಹಿಮೆಯಿಂದಲೇ ಎಂದು ನಾನು ಬಹುಕಾಲ ನಂಬಿದ್ದೆ. ಆಕೆಯ ಮತ ಬೇರೆ. ನಾನು ಹೂಂಗುಟ್ಟುವಾಗ ಬಾಯಿ ಮಾತ್ರ ಮನೆಯಲ್ಲಿದ್ದು ಕಿವಿಗಳೆರಡೂ ಊರು ಸುತ್ತಲು ಹೋಗಿರುತ್ತವೆ ಎನ್ನುವುದು ಆಕೆಯ ಆರೋಪ. ಒಂದು ದಿನ ಪರೀಕ್ಷೆಗೆಂದೇ, “ಸಾರಿಗೆ ಉಪ್ಪಿನ ಬದಲು ಸೋಪಿನ ಪುಡಿ ಹಾಕ್ಲಾ?” ಎಂದು ಕೇಳಿದಳಂತೆ, ನಾನು ಹೂಂ ಎಂದೆನಂತೆ. ‘ಅಂತೆ’ ಎನ್ನುತ್ತಿರುವುದೇಕೆಂದರೆ ಎರಡೂ ನನಗೆ ನೆನಪಿಲ್ಲ.

ಇಂಥ ಮಹಾಶಯನ ವೃತ್ತಿ ಏನಿರಬಹುದು ಹೇಳಿ ನೋಡೋಣ? ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವಂತೆ ಮಾಡುವುದು! ಹುಣಸೂರಿನಲ್ಲಿ ಕೂತು, ಇಂಟರ್ನೆಟ್ ಮೂಲಕ ಮಾತಾಡುವ ಆ್ಯಪ್‌ಗಳನ್ನು ಕಟ್ಟುತ್ತೇನೆ. ಹೀಗೆಂದರೆ ನೆಂಟರೆಲ್ಲ “ಮಾತಾಡಕ್ಕೆ ಫೋನೇ ಇದೆಯಲ್ಲಪ್ಪಾ?” ಎಂದು ಕನಿಕರದಿಂದ ನೋಡುತ್ತಾರೆ. ಅವರಿಗೆ ನಾನು ಪಿರಿಯಾಪಟ್ಟಣದ ಬಸ್ಸಿನ ದೃಷ್ಟಾಂತ ಕೊಡುತ್ತೇನೆ. ತುಂಬಿದ ಬಸ್ಸಿಗೆ ಒಂದು ದೊಡ್ಡ ಸಂಸಾರ ಹತ್ತುತ್ತದೆ, ಸೀಟಿಲ್ಲದೆ ಒಬ್ಬೊಬ್ಬರು ಒಂದೊಂದು ಕಡೆ ಚೆದುರಿ ನಿಲ್ಲುತ್ತಾರೆ, ಇಳಿದ ಮೇಲೆ ಮತ್ತೆ ಒಟ್ಟಾಗುತ್ತಾರೆ. ಮಾತೂ ಹಾಗೆಯೇ ಚೂರುಚೂರಾಗಿ ಹೊರಟು ಆ ತುದಿಯಲ್ಲಿ ಜೋಡಣೆಯಾಗುತ್ತದೆ. ಯಾವುದೋ ಒಂದು ಚೂರು ಇಳಿಯುವುದು ತಡವಾದರೆ ಅದಕ್ಕೆ ಕಾಯಬೇಕೋ ಬಿಟ್ಟು ಹೊರಡಬೇಕೋ ಎಂಬ ಧರ್ಮಸಂಕಟದಲ್ಲೇ ನನ್ನ ಹೊಟ್ಟೆಪಾಡು ನಡೆಯುತ್ತಿದೆ.

ನನ್ನ ಆಫೀಸೆಂಬುದು ಒಂದು ಮರಗೆಲಸದ ಕಾರ್ಖಾನೆಯ ಮೇಲಿನ ಕೋಣೆ. ಕೆಳಗೆ ಯಜಮಾನರಾದ ನಜೀರ್ ಸಾಹೇಬರು ಮಂಚ, ಬಾಗಿಲು, ತೊಟ್ಟಿಲುಗಳನ್ನು ಮಾಡಿಸುತ್ತಾರೆ. ಅವರ ತಂದೆಯ ಕಾಲದಿಂದಲೂ ಅದೇ ಕಸುಬು. ಅಂಗಡಿಯ ಫೋನು ಯಾವಾಗಲೂ ಟೀ ಕುಡಿಯಲು ಹೋದವನ ಜೇಬಿನಲ್ಲೇ ಇರುತ್ತಿದ್ದುದರಿಂದ ಬೇಸತ್ತು, ಗಿರಾಕಿಗಳು ಗುಂಡಿಯೊತ್ತಿದರೆ ಕಾರ್ಖಾನೆಯಲ್ಲಿ ಬಿಡುವಾಗಿರುವವರ ಜತೆ ನೇರವಾಗಿ ಮಾತಾಡುವಂಥ ಆ್ಯಪ್ ಬೇಕೆಂದು ನನ್ನನ್ನು ಕೇಳಿದರು. ಎಚ್.ಡಿ. ಕೋಟೆ ಕಡೆಯ ಗಿರಾಕಿಗಳ ಮನೆಯೊಳಗೆ ಸಿಗ್ನಲ್ ಸಿಗದಿದ್ದರೂ ಈಗ ವೈಫೈ ಬಂದಿದೆಯಲ್ಲ, ಅವರಿಗೂ ಅನುಕೂಲ.

ಕಟ್ಟಿದೆ. ಆದರೆ ಫೋನೆತ್ತಿದವರಿಗೆ ಮನುಷ್ಯರ ದನಿಗಿಂತ ಮೊದಲು ಗರಗಸದ ದನಿಯೇ ಕೇಳುತ್ತಿತ್ತು. ಅದರ ಹಿಂದೆ ಉಜ್ಜುಗೊರಡು, ಅದರ ಹಿಂದೆ ಸುತ್ತಿಗೆ. ನಾನು ಛಲ ತೊಟ್ಟು, ಗದ್ದಲವನ್ನೆಲ್ಲ ಸೋಸಿ ಶುದ್ಧ ಮಾತನ್ನಷ್ಟೇ ದಾಟಿಸುವ ಜರಡಿಯೊಂದನ್ನು ಕಾರ್ಖಾನೆಯ ಫೋನುಗಳಿಗೆ ಅಳವಡಿಸಿದೆ. ಸಣ್ಣದು, ತಗ್ಗಿನದು, ಪದವೆನಿಸದ್ದು ಯಾವುದಿದ್ದರೂ ಕಸವೆಂದು ತಿಳಿ ಎಂದು ಅದಕ್ಕೆ ಆಜ್ಞಾಪಿಸಿದೆ. ಎಷ್ಟು ಚೆನ್ನಾಗಿ ಸೋಸಿತೆಂದರೆ, ಕೆ.ಆರ್. ನಗರದ ಗಿರಾಕಿಯೊಬ್ಬರು “ಏನ್ರೀ, ಅಂಗಡಿ ಮುಚ್ಬುಟ್ರಾ?” ಎಂದು ಗಾಬರಿಯಿಂದ ಕೇಳಿದರು. ನನಗೆ ಪದ್ಮಪ್ರಶಸ್ತಿಯೇ ಬಂದಷ್ಟು ಸಂತೋಷವಾಯಿತು. ಆ ಸಂತೋಷ ಒಂದು ವಾರವೂ ಬಾಳಲಿಲ್ಲ.

ಹಂಪಾಪುರದ ಕಡೆಯ ಪುಟ್ಟತಾಯಮ್ಮನವರು ಕಾರ್ಖಾನೆಯ ಹಳೆಯ ಗಿರಾಕಿ. ಅವರು ಹಸೆಗೆ ಕೂತ ಮಣೆಯಿಂದ ಹಿಡಿದು ಮಗಳ ತೊಟ್ಟಿಲಿನವರೆಗೆ ಎಲ್ಲವೂ ಇಲ್ಲಿಯದೇ. ಮಗಳು ಹುಟ್ಟಿದ ವರ್ಷ ಅವರ ಯಜಮಾನರು ಹೊಲದ ಬದುವಿನಲ್ಲಿ ಒಂದು ಹಲಸಿನ ಗಿಡ ನೆಟ್ಟಿದ್ದರು. ಯಜಮಾನರು ತೀರಿಕೊಂಡಿದ್ದಾರೆ. ಈಚೆಗೆ ಗಾಳಿಗೆ ಆ ಮರವೂ ಉರುಳಿತು. ಸೌದೆಗೆ ಹಾಕಲು ಮನಸ್ಸಾಗದೆ, ಮಗಳು ಕಟ್ಟಿಸುತ್ತಿರುವ ಮನೆಗೆ ಅದರಿಂದಲೇ ಹೆಬ್ಬಾಗಿಲು ಮಾಡಿಸಬೇಕೆಂದು ಮರವನ್ನು ಸಾಹೇಬರಲ್ಲಿಗೆ ಕಳಿಸಿದ್ದರು. ಹಲಗೆ ಕೊಯ್ದು ಒಣಗಲಿಟ್ಟಾಗಿತ್ತು. ಅಷ್ಟರಲ್ಲಿ ಒಂದು ಬೆಳಿಗ್ಗೆ ಆ ತಾಯಿ ಟೆಂಪೋ ಸಮೇತ ಬಂದಿಳಿದರು. ಗಲಾಟೆ ಕೇಳಿ ನಾನೂ ಕೆಳಗಿಳಿದೆ.

“ನಮ್ಮ ಅಲಸಿನ ಮರ ನಮಗೆ ಕೊಟ್ಬುಡಿ ಸಾಬ್ರೇ. ಬಾಗ್ಲು ಬ್ಯಾರೆ ಕಡೆ ಮಾಡುಸ್ಕತೀನಿ.”

“ಏನ್ ತಪ್ಪಾಯ್ತು ಅಂತಾದ್ರೂ ಹೇಳಿ ಅಕ್ಕಾ!” ಸಾಹೇಬರ ಮುಖ ಬಿಳುಚಿಕೊಂಡಿತ್ತು.

“ಆ ಮರದ್ ಕತೆ ಯೋಳ್ತಾ ಇದ್ನಲ್ಲ ಮೊನ್ನೆ ಪೋನಲ್ಲಿ, ಒಂದ್ ಸಲಾನಾದ್ರೂ ಊಂ ಅಂದ್ರಾ ನೀವು? ಕೇಳ್ತಾ ಇದೀರಾ ಅಂದ್ರೂ ಉಸ್ರಿಲ್ಲ. ನಾನೇನ್ ಗ್ವಾಡೆಗೆ ಯೋಳ್ತಿದ್ನಾ? ನಮ್ಮೋರ್ ಕತೆ ಕೇಳಕ್ಕೆ ಪುರುಸೊತ್ತಿಲ್ದೋರು ನಮ್ಮೋರ್ ಮರ ಮುಟ್ಟೋದ್ ಬ್ಯಾಡ.”

“ಅಲ್ಲಾ ಅಕ್ಕಾ, ಗಂಟ್ಲು ಒಣಗೋ ಗಂಟ ಊಂಗುಟ್ತಾನೇ ಇದ್ನಲ್ಲಾ!”

ನನಗೆ ತಟ್ಟನೆ ಹೊಳೆಯಿತು. ಓದುಗ ಮಿತ್ರರೇ, ನಿಮಗೂ ಹೊಳೆದಿರಬೇಕು. ಜರಡಿ!

ಸಾಹೇಬರ ಕೈಗೆ ಕಾರ್ಖಾನೆಯ ಫೋನು ಕೊಟ್ಟು ರಸ್ತೆಯ ಆಚೆ ಬದಿಗೆ ಕಳಿಸಿದೆ. ಈಚೆ ಪುಟ್ಟತಾಯಮ್ಮನವರು ತಮ್ಮ ಫೋನು ಹಿಡಿದು ಒಲ್ಲದ ಮನಸ್ಸಿನಿಂದ ನಾಲ್ಕು ಮಾತಾಡಿದರು. ಆಚೆ ಸಾಹೇಬರ ಗಡ್ಡ ಹೂಂ ಹೂಂ ಎಂದು ಅಲ್ಲಾಡುತ್ತಿರುವುದು ಎಲ್ಲರಿಗೂ ಕಾಣುತ್ತಿದೆ, ಫೋನಿನಲ್ಲಿ ಮಾತ್ರ ನಿಶ್ಶಬ್ದ.

“ಅಯ್ಯೋ ಸಿವನೇ! ಅಲ್ಲಿ ಊಂ ಅಂತಾವ್ರೆ ಕಣಪ್ಪಾ, ಇಲ್ಲಿಗ್ ಬತ್ತಾನೇ ಇಲ್ಲ. ಎಲ್ಲೋಯ್ತದೆ ಅದು?”

ಯಂತ್ರವು ಅದನ್ನು ಗದ್ದಲವೆಂದು ತಿಳಿದು ತೆಗೆದುಹಾಕುತ್ತದೆ ಎಂದು ನಾನು ತೊದಲಿದೆ.

“ಊಂ ಅನ್ನದ್ನ ಗದ್ಲ ಅಂತ ಅದಕ್ ಯೋಳ್ಕೊಟ್ಟೋರ್ ಯಾರು?”

ಹೇಳಿಕೊಟ್ಟವನು ಅವರೆದುರಿಗೇ ನಿಂತಿದ್ದ. ಕಾವೇರಿಯ ದಂಡೆಯ ನನ್ನಜ್ಜಿಯ ಊರು ನೆನಪಾಯಿತು. ಸಂಜೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಅಜ್ಜಿ ಕತೆ ಹೇಳುವಾಗ ಮೊಮ್ಮಕ್ಕಳಲ್ಲಿ ಒಬ್ಬರು ಹೂಂಗುಟ್ಟಲೇಬೇಕಿತ್ತು. ಹೂಂ ನಿಂತರೆ ರಾಜಕುಮಾರ ಕಾಡಿನ ನಡುವೆಯೇ ನಿಂತುಬಿಡುತ್ತಿದ್ದ, ಕುದುರೆಯೂ ಹೆಜ್ಜೆ ಕಿತ್ತಿಡುತ್ತಿರಲಿಲ್ಲ. ಎಷ್ಟೋ ರಾಜಕುಮಾರರನ್ನು ನನ್ನ ಹೂಂಕಾರದ ಬಲದಿಂದಲೇ ಅರಮನೆ ಸೇರಿಸಿದ್ದ ನಾನು, ದೊಡ್ಡವನಾಗಿ ಅದೇ ಹೂಂ ಅನ್ನು ಕಸದ ಪಟ್ಟಿಗೆ ಸೇರಿಸಿದ್ದೆ. ಯಾಕೆಂದು ಈಗ ಹೊಳೆಯಿತು. ನನ್ನ ಹೂಂನೊಳಗೆ ಏನೂ ಇರುತ್ತಿರಲಿಲ್ಲವಾದ್ದರಿಂದ ಲೋಕದ ಹೂಂಗಳೆಲ್ಲ ಟೊಳ್ಳೆಂದು ಭಾವಿಸಿದ್ದೆ. ನಿಜಕ್ಕೂ ನಾಚಿಕೆಯಾಯಿತು.

ಪುಟ್ಟತಾಯಮ್ಮನವರು ಮಾತ್ರ ಇನ್ನೂ ಪೂರ್ತಿ ಕರಗಿರಲಿಲ್ಲ. ಗಡ್ಡ ಅಲ್ಲಾಡಿದ ಮಾತ್ರಕ್ಕೆ ಕಿವಿ ಕೇಳಿತೆಂದು ನಂಬುವಷ್ಟು ಅಮಾಯಕರಲ್ಲ ಅವರು. ಟೆಂಪೋದವನು ಹಗ್ಗ ಬಿಚ್ಚಿಕೊಂಡು ಕಾಯುತ್ತಿದ್ದ. ಸಾಹೇಬರು ರಸ್ತೆ ದಾಟಿ ಬರುತ್ತಲೇ ಆಕೆ ಕೇಳಿದರು:

“ಅಂಗಾರೆ ಯೋಳಿ ಸಾಬ್ರೇ. ಕತೆ ಎಲ್ಲಿಗ್ ನಿಲ್ಸಿದ್ದೆ?”

ನನಗೆ ಸೋಪಿನ ಪುಡಿಯ ಸಾರು ನೆನಪಾಯಿತು. ನನ್ನನ್ನು ಕೇಳಿದ್ದರೆ ಮರ ಅಂದೇ ಹಂಪಾಪುರ ಸೇರುತ್ತಿತ್ತು.

ಸಾಹೇಬರು ಒಂದು ಕ್ಷಣವೂ ತಡೆಯಲಿಲ್ಲ. “ಬಿಸ್ಲಿಗೆ ಗಿಡ ಬಾಡ್ತದೆ ಅಂತ ನಿಮ್ ಯಜಮಾನ್ರು ತಮ್ಮ ಪಂಚೆ ಬಿಚ್ಚಿ ನೆಳ್ಳು ಕಟ್ಬುಟ್ಟು, ಟವಲ್ ಸುತ್ಕೊಂಡು ಮನೇಗ್ ಬಂದ್ರಲ್ಲ, ಅಲ್ಲಿಗೆ ಅಕ್ಕಾ. ನೀವು ನಗಕ್ ಶುರು ಮಾಡಿದ್ರಿ, ಆಮ್ಯಾಕೆ ಕೇಳ್ತಾ ಇದೀರಾ ಅಂದ್ರಿ, ಊಂ ಅಂದೆ, ಫೋನ್ ಕಟ್ಟಾಯ್ತು.”

ಪುಟ್ಟತಾಯಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಟೆಂಪೋದವನಿಗೆ ಹೋಗೆಂದು ಕೈಸನ್ನೆ ಮಾಡಿ, ಆ ಹಲಸಿನ ಹಲಗೆಗಳ ಮೇಲೆಯೇ ಕೂತು, ಕತೆಯನ್ನು ಪಂಚೆಯಿಂದ ಮುಂದುವರಿಸಿದರು. ಸಾಹೇಬರು ಗರಗಸ ನಿಲ್ಲಿಸಲು ಹೇಳಿದರು. ಕಾರ್ಖಾನೆಗೆ ಕಾರ್ಖಾನೆಯೇ ಹೂಂಗುಟ್ಟಿತು.

ನಾನು ಜರಡಿಯ ಕಣ್ಣುಗಳನ್ನು ಹಿರಿದು ಮಾಡಿದ್ದೇನೆ. ಈಗ ಗಿರಾಕಿಗಳಿಗೆ ಹೂಂನ ಜತೆ ಒಂದಿಷ್ಟು ಗರಗಸವೂ ಕೇಳುತ್ತದೆ, ಯಾರೂ ದೂರಿಲ್ಲ.

ನಿನ್ನೆ ಹೆಂಡತಿ ಅಡುಗೆಮನೆಯಿಂದ ಮಾತಾಡುತ್ತಿದ್ದಳು. ಕೀಲಿಮಣೆಯಿಂದ ಕೈ ತೆಗೆದು ಕಿವಿಗೊಟ್ಟು ಕೂತೆ. ಕೇಳುವುದರಲ್ಲಿ ಎಷ್ಟು ಮುಳುಗಿದೆನೆಂದರೆ ಹೂಂ ಎನ್ನುವುದೇ ಮರೆತುಹೋಯಿತು.

“ಇದೀರಾ? ನಾನೇನು ಹೇಳ್ತಿದ್ದೆ ಹೇಳಿ ನೋಡೋಣ?”

“ನಿಮ್ಮಕ್ಕನ ಮನೆಗೆ ಹೋಗಿದ್ದಾಗ ಅವರು ನಿನ್ನ ಹೊಸ ಸೀರೆ ನೋಡಿಯೂ ಏನೂ ಅನ್ನಲಿಲ್ಲ, ಅದಕ್ಕೆ ನಿನಗೆ ಬೇಜಾರಾಯ್ತು” ಎಂದೆ.

ಗೋಡೆಯಾಚೆ ಪಾತ್ರೆಯ ಸದ್ದು ನಿಂತಿತು. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ಆ ಕಡೆಯಿಂದ ಮೆಲ್ಲಗೆ ಬಂತು: “ಹೂಂ.”