ಭಾವನ ಸೀಟಿ

ತೊಗರಿಬೇಳೆಗೆ ಹುಳು ಬೀಳದಿರಲೆಂದು ಅಂಗೈಗೆ ಒಂದಿಷ್ಟು ಹರಳೆಣ್ಣೆ ಬಿಟ್ಟುಕೊಂಡು ಸವರಿ ಡಬ್ಬಕ್ಕೆ ತುಂಬುವ ಅಭ್ಯಾಸವನ್ನು ನಾನಿನ್ನೂ ಬಿಟ್ಟಿಲ್ಲ. ಪೊಟ್ಟಣದಲ್ಲಿ ಬೇಕೆಂದಾಗ ಸಿಗುತ್ತದಲ್ಲ ಎಂದು ಮನೆಯವರು ನಗುತ್ತಾರೆ. ನಗಲಿ. ಆ ಮಂದವಾದ, ಕೊಂಚ ಮುಗ್ಗಿದಂಥ ವಾಸನೆ ಕೈಗೆ ಹತ್ತಿದಾಗ ನನಗೆ ಬೇಳೆಯ ಮೇಲೆ ಗಮನ ನಿಲ್ಲುವುದಿಲ್ಲ. ಕೋಲಾರದ ನಮ್ಮ ಹಳೆಯ ಮನೆಯ ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಾಯಿ ತೆರೆದುಕೊಂಡು ಒಣಗುತ್ತಿದ್ದ ಒಂದು ಜೊತೆ ಫುಟ್ಬಾಲ್ ಬೂಟು ಕಣ್ಣೆದುರು ಬರುತ್ತದೆ. ನಿಮಗೂ ಹೀಗೊಂದು ವಾಸನೆ ಇದ್ದೀತು. ಅದು ಕರೆದಲ್ಲಿಗೆ ಹೋಗಿ ನೋಡಿದರೆ ಮನೆಯೂ ಇರುವುದಿಲ್ಲ, ಕಲ್ಲೂ ಇರುವುದಿಲ್ಲ.

ಅದೊಂದು ಭಾನುವಾರ. ಬೆಳಿಗ್ಗೆ ಎಲ್ಲ ಭಾನುವಾರಗಳಂತೆಯೇ ಇತ್ತು. ಅಮ್ಮ ಬಚ್ಚಲ ಒಲೆಗೆ ಹಿಪ್ಪುನೇರಳೆಯ ಒಣಕಡ್ಡಿ ತುಂಬಿ, ಸೌಟಿನಲ್ಲಿ ಹರಳೆಣ್ಣೆ ಬೆಚ್ಚಗೆ ಮಾಡಿ, ನನ್ನ ನೆತ್ತಿಗೆ ತಟ್ಟಿದಳು. ಸೌಟಿನಲ್ಲಿ ಉಳಿದ ಎಣ್ಣೆ ಸೀನಮಾವನ ಪಾಲು. ಅವನು ಅದನ್ನು ಚಿಂದಿಬಟ್ಟೆಯಲ್ಲಿ ಅದ್ದಿ ಬೂಟಿನ ಚರ್ಮಕ್ಕೆ ತಿಕ್ಕುತ್ತ ಕೂತ. ನಾನು ಅವನ ಪಕ್ಕದಲ್ಲಿ ಕೂತು ಸೋಮವಾರದ ಕಾನ್ವೆಂಟಿಗೆಂದು ಕ್ಯಾನ್ವಾಸ್ ಶೂಗಳಿಗೆ ಬಿಳಿ ಬಳಿದೆ. ನನ್ನ ಶೂ ಬೆಳ್ಳಗಾಗುತ್ತಿದ್ದ ಹಾಗೆ ಅವನ ಬೂಟು ಕಪ್ಪಗಾಗುತ್ತಿತ್ತು. ಅವನ ಎಡಬೂಟಿನ ಲಾಡಿ ತುಂಡಾಗಿ ಎರಡು ಕಡೆ ಗಂಟು ಹಾಕಿತ್ತು. ಅಂಗಿಯ ಕಿತ್ತ ಗುಂಡಿಯನ್ನು ಹೊಲಿಯುತ್ತ ಅಮ್ಮ, "ಇವತ್ತು ಹೊಸ ಲಾಡಿ ಹಾಕ್ಕೊಳ್ಳೋ, ಬೆಂಗಳೂರಿನೋರು ನೋಡೋಕೆ ಬರ್ತಾರೆ" ಅಂದಳು. "ಕಾಲು ನೋಡೋಕೆ ಬರ್ತಾರೆ ಕಣಕ್ಕ, ಲಾಡಿ ಅಲ್ಲ" ಅಂದ ಮಾವ.

ಸೀನಮಾವ ಅಮ್ಮನ ತಮ್ಮ. ಅಮ್ಮನ ತಂದೆತಾಯಿ ಬೇಗನೆ ಹೋಗಿಬಿಟ್ಟಿದ್ದರಿಂದ, ಮಾಲೂರಿನ ಕಡೆಯ ಹಳ್ಳಿಯಿಂದ ಅವಳು ಮದುವೆಯಾಗಿ ಬಂದಾಗ ಅವನೂ ಒಂದು ಹಸಿರು ತಗಡಿನ ಟ್ರಂಕಿನೊಂದಿಗೆ ಹಿಂದೆಯೇ ಬಂದನಂತೆ. ನನಗೆ ಬುದ್ಧಿ ಬಂದಾಗಿನಿಂದ ಆ ಟ್ರಂಕು ನಮ್ಮ ನಡುಮನೆಯ ಮೂಲೆಯಲ್ಲಿತ್ತು, ಅದರ ಮೇಲೆ ನನ್ನ ಪುಸ್ತಕಗಳಿರುತ್ತಿದ್ದವು. ಓದು ಅವನಿಗೆ ಹತ್ತಲಿಲ್ಲ. ಚೆಂಡು ಹತ್ತಿತು. ಬೆಂಗಳೂರಿನ ಒಂದು ಕಾರ್ಖಾನೆ ತನ್ನ ತಂಡಕ್ಕೆ ಆಟಗಾರರನ್ನು ಆರಿಸಿಕೊಳ್ಳುತ್ತಿತ್ತು. ಆರಿಸಿದವರಿಗೆ ಅಲ್ಲೇ ನೌಕರಿ. ಆ ಕಾರ್ಖಾನೆಯ ಸಾಹೇಬರು ಅಂದು ಸಂಜೆ ಕೋಲಾರದ ಹುಡುಗರಿಗೂ ಚಿನ್ನದ ಗಣಿಯ ಹುಡುಗರಿಗೂ ನಡೆಯುವ ಆಟ ನೋಡಲು ಬರುವವರಿದ್ದರು. ಮಾವನಿಗೆ ವಯಸ್ಸು ಮೀರುತ್ತಿತ್ತು. ಇದು ತಪ್ಪಿದರೆ ಇನ್ನೊಂದು ಇಲ್ಲವೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅಪ್ಪ ಸರ್ಕಾರಿ ಹೈಸ್ಕೂಲಿನ ಪೀಟಿ ಮೇಷ್ಟ್ರು. ಊರಿನಲ್ಲಿ ಆಟದ ಕಾನೂನು ಓದಿಕೊಂಡಿದ್ದವರು ಅವರೊಬ್ಬರೇ ಆದ್ದರಿಂದ ರೆಫರಿಯೂ ಅವರೇ. ಕಾರ್ಡುಗಳನ್ನು ಅಂಗಡಿಯಿಂದ ತಂದದ್ದಲ್ಲ, ಮನೆಯಲ್ಲೇ ಮಾಡಿಕೊಂಡಿದ್ದರು. ಹಳದಿಯದಕ್ಕೆ ನನ್ನ ಹಳೆಯ ನೋಟುಪುಸ್ತಕದ ರಟ್ಟು, ಕೆಂಪಿನದಕ್ಕೆ ಯಾರದೋ ಮದುವೆಯ ಲಗ್ನಪತ್ರಿಕೆಯ ರಟ್ಟು. ಲಗ್ನಪತ್ರಿಕೆಯ ಮೂಲೆಗೆ ಹಚ್ಚಿದ್ದ ಅರಿಶಿನ ಹಾಗೇ ಉಳಿದಿತ್ತು. ಆ ಕೆಂಪು ಕಾರ್ಡನ್ನು ಅವರು ಒಮ್ಮೆಯೂ ಹೊರತೆಗೆದದ್ದನ್ನು ನಾನು ಕಂಡಿರಲಿಲ್ಲ.

ಭಾವ ಮತ್ತು ಭಾವಮೈದ ಅಂದಮೇಲೆ ನಮ್ಮ ಕಡೆ ಹೇಗಿರುತ್ತಾರೆಂದು ನಿಮಗೆ ಹೇಳಬೇಕಿಲ್ಲ. ಒಬ್ಬರ ಕಾಲನ್ನೊಬ್ಬರು ಎಳೆಯದ ದಿನವಿಲ್ಲ. ಮದುವೆಯ ದಿನ ಮಾವ ಅಪ್ಪನ ಚಪ್ಪಲಿ ಬಚ್ಚಿಟ್ಟಲ್ಲಿಂದ ಶುರುವಾದದ್ದು ಮುಗಿದೇ ಇರಲಿಲ್ಲ. ಅಪ್ಪನ ಹೆಗಲ ಟವಲನ್ನು ಹಿಂದಿನಿಂದ ಎಳೆದುಕೊಂಡು ಓಡುವುದು, ಊಟಕ್ಕೆ ಕೂತಾಗ ಅವರ ಕೊರಳಲ್ಲಿದ್ದ ಸೀಟಿಯನ್ನು ಕಿತ್ತು ಪೀ ಎಂದು ಊದಿ, "ಫೌಲ್! ಭಾವ ಎರಡನೇ ಮುದ್ದೆಗೆ ಕೈ ಹಾಕವ್ರೆ" ಎಂದು ಕೂಗುವುದು. ಬೇರೆಯವರಿಗೆ ಮುಖ ಕೊಟ್ಟು ಮಾತಾಡದ ಅಪ್ಪ, ಆಗ ಮಾತ್ರ ಅನ್ನ ನೆತ್ತಿಗೆ ಹತ್ತುವಷ್ಟು ನಗುತ್ತಿದ್ದರು. ಆ ದಿನ ಬೆಳಿಗ್ಗೆಯೂ ಮಾವ ಎಣ್ಣೆಗೈಯಲ್ಲೇ ಸೀಟಿ ಕಿತ್ತುಕೊಂಡಿದ್ದ. ಅಪ್ಪ ಅದನ್ನು ಪಂಚೆಯ ತುದಿಯಿಂದ ಒರೆಸುತ್ತ, "ಗ್ರೌಂಡಲ್ಲಿ ನಾನು ನಿನ್ನ ಭಾವ ಅಲ್ಲಪ್ಪ" ಅಂದರು. ಅವರೂ ನಗುತ್ತಲೇ ಅಂದದ್ದು.

ಸಂಜೆ ನಾನೂ ಅಮ್ಮನೂ ಬೇಲಿಯ ಹತ್ತಿರ, ಹೆಂಗಸರು ನಿಲ್ಲುವ ಕಡೆ ನಿಂತಿದ್ದೆವು. ಬೆಂಗಳೂರಿನ ಸಾಹೇಬರಿಗೆ ಬೇವಿನ ಮರದಡಿ ಕುರ್ಚಿ ಹಾಕಿ ಸೋಡ ಕೊಟ್ಟಿದ್ದರು. ರೆಫರಿಯ ಬಾಮೈದನೇ ಎದುರು ಪಾರ್ಟಿಯಲ್ಲಿದ್ದಾನೆಂದು ಗಣಿಯ ಹುಡುಗರು ಮೊದಲಿನಿಂದಲೂ ಗೊಣಗುತ್ತಿದ್ದರು. ಅರ್ಧ ಆಟ ಕಳೆದ ಮೇಲೆ ಮಾವ ಒಂದು ಗೋಲು ಹೊಡೆದ. ಅಪ್ಪ ಸೀಟಿ ಊದಿ, ಆಫ್‌ಸೈಡ್, ಗೋಲಲ್ಲ ಎಂದು ಕೈ ಎತ್ತಿದರು. ಮಾವ ಅವರ ಕಡೆ ಓಡಿದ. ಅವನು ನಗುತ್ತಿದ್ದ, ಅದು ನನಗೆ ಸ್ಪಷ್ಟವಾಗಿ ನೆನಪಿದೆ. ಓಡಿಹೋಗಿ, ಮನೆಯಲ್ಲಿ ಊಟಕ್ಕೆ ಕೂತಾಗ ಮಾಡುವ ಹಾಗೆಯೇ, ಅಪ್ಪನ ತುಟಿಯಿಂದ ಸೀಟಿಯನ್ನು ಕಿತ್ತುಕೊಂಡು ಪೀ ಎಂದು ಊದಿದ.

ಮೈದಾನಕ್ಕೆ ಮೈದಾನವೇ ನಕ್ಕಿತು. ಅಮ್ಮನೂ ಸೆರಗು ಬಾಯಿಗೆ ಒತ್ತಿಕೊಂಡಳು. ಗಣಿಯ ಹುಡುಗರು ನಗಲಿಲ್ಲ. ಹನ್ನೊಂದು ಜನರೂ ನಿಂತಲ್ಲೇ ನಿಂತು ಅಪ್ಪನ ಮುಖ ನೋಡಿದರು. ಅಪ್ಪ ಜೇಬಿಗೆ ಕೈ ಹಾಕಿದರು. ಮೇಲೆ ಬಂದದ್ದು ಕೆಂಪು. ಇಳಿಬಿಸಿಲಿಗೆ ಅದರ ಮೂಲೆಯ ಅರಿಶಿನ ದೂರದ ನನಗೂ ಕಾಣಿಸಿತೆಂದು ಇಂದಿಗೂ ಅನ್ನಿಸುತ್ತದೆ, ಕಂಡಿರಲಾರದು. ಮಾವ ಸೀಟಿಯನ್ನು ಅವರ ಕೈಗೆ ಕೊಟ್ಟು, ತಲೆ ತಗ್ಗಿಸದೆ, ಯಾರನ್ನೂ ನೋಡದೆ ಗೆರೆ ದಾಟಿ ಹೋದ. ಸಾಹೇಬರು ಸೋಡ ಮುಗಿಸಿ, ಬಾಟಲಿಯನ್ನು ಕುರ್ಚಿಯ ಕಾಲಿನ ಪಕ್ಕದಲ್ಲಿಟ್ಟು ಎದ್ದರು. ಅವರ ಕಾರು ಹೋದ ಧೂಳು ಅಡಗುವವರೆಗೂ ಅಮ್ಮ ಸೆರಗನ್ನು ಬಾಯಿಂದ ತೆಗೆದಿರಲಿಲ್ಲ.

ನಾವು ಮನೆಗೆ ಬರುವ ಹೊತ್ತಿಗೆ ನಮ್ಮ ಜಗಲಿ ತುಂಬಿತ್ತು. ಆಟ ಮುಗಿದ ಮೇಲೆ ಅದನ್ನು ಇನ್ನೊಮ್ಮೆ ಬಾಯಲ್ಲಿ ಆಡುವುದು ನಮ್ಮ ಜಗಲಿಯಲ್ಲೇ. ಅಪ್ಪ ಕಂಬಕ್ಕೆ ಒರಗಿ ಮೊಣಕಾಲಿನ ಮೇಲೆ ಟವಲು ಹಾಕಿಕೊಂಡು ಕೂತಿದ್ದರು. ಮಾವ ಹಿತ್ತಿಲ ಬಾಗಿಲಿನಿಂದ ಬಂದು ಕಾಲು ತೊಳೆದುಕೊಂಡು ಒಳಗೆ ಹೋಗಿದ್ದ. ಬೂಟು ಕಲ್ಲಿನ ಮೇಲಿತ್ತು. ಅವನ ಹತ್ತಿರ ಹೋಗಬೇಡ, ಸ್ವಲ್ಪ ಹೊತ್ತು ಬಿಡು ಅಂದ ಅಮ್ಮ, ನನ್ನ ಕೈಗೆ ಕಾಫಿಯ ತಟ್ಟೆ ಕೊಟ್ಟು ಜಗಲಿಗೆ ಕಳಿಸಿದಳು.

"ಅದೇಮಿ ನ್ಯಾಯಂ ಮೇಷ್ಟ್ರೇ?" ತರಕಾರಿ ಮಂಡಿಯ ಮುನಿಯಪ್ಪ ಆಗಲೇ ಎದ್ದು ನಿಂತಿದ್ದರು. ಅವರಿಗೆ ಸಿಟ್ಟು ಬಂದರೆ ಮೊದಲು ತೆಲುಗು ಬರುತ್ತಿತ್ತು. "ಬಾವ ಬಾಮೈದ ಅಂದ್ಮೇಲೆ ಕೈ ಹಾಕ್ದೆ ಇರ್ತಾನಾ? ಹುಡುಗ ಬೈದ್ನಾ? ಹೊಡೆದ್ನಾ? ಹಳದಿ ತೋರ್ಸಿದ್ರೆ ಗಂಟೇನು ಹೋಗ್ತಿತ್ತು?"

"ಸೀಟಿ ಮೇಲೆ ಕೈ ಹಾಕೋದಂದ್ರೆ ಏನು ಮುನಿಯಪ್ಪ?" ಎಂದರು ಕರೀಂ ಸಾಬರು. ಪಕ್ಕದ ಮನೆಯ ದರ್ಜಿ, ತಂಡದ ಬನಿಯನ್ನುಗಳನ್ನೆಲ್ಲ ಹೊಲಿದವರು. "ನಾಳೆ ನನ್ನ ಕತ್ರಿ ಕಿತ್ಕೊಂಡು ನೀನೇ ಬಟ್ಟೆ ಕತ್ರಿಸ್ತೀಯಾ? ಮೈದಾನದಲ್ಲಿ ಕೈಕಾ ಭಾವ, ಎಲ್ಲೀ ಬಾಮೈದ?"

"ನೀನು ಹೊಲಿದ ಬನೀನು ನೋಡಿದ್ರೆ ಕಿತ್ಕೊಳ್ಳೋದೇ ವಾಸಿ!"

ಎಲ್ಲರೂ ನಕ್ಕರು. ಲಗ್ನಪತ್ರಿಕೆ ತೋರ್ಸಿ ಬಾಮೈದನ್ನ ಆಚೆಗೆ ಕಳಿಸ್ದಂಗಾಯ್ತು ಎಂದು ಯಾರೋ ಹಿಂದಿನಿಂದ ಅಂದರು, ಇನ್ನೊಮ್ಮೆ ನಕ್ಕರು. ಹಳದಿ ತೋರಿಸಿದ್ದರೆ ಗಣಿಯವರು ಆಟ ಬಿಟ್ಟು ಲಾರಿ ಹತ್ತುತ್ತಿದ್ದರೆಂದರು ಸಾಬರು. ಹತ್ತಿದರೆ ಹತ್ತಲಿ, ಹುಡುಗನ ಅನ್ನ ಉಳಿಯುತ್ತಿತ್ತಲ್ಲ ಎಂದರು ಮುನಿಯಪ್ಪ. ಆಮೇಲೆ ಅವರು ಕಾಫಿಯ ಲೋಟವನ್ನು ಕೆಳಗಿಟ್ಟು, ದನಿ ಇಳಿಸಿ ಹೇಳಿದರು. "ಬೇಜಾರು ಮಾಡ್ಕೊಬೇಡಿ ಮೇಷ್ಟ್ರೇ. ಬಾಮೈದ ಅಂತ್ಲೇ ಕೆಂಪು ತೆಗೆದ್ರಿ. ಬೇರೆಯೋನಾಗಿದ್ರೆ ಹಳದೀಲೇ ಬಿಡ್ತಿದ್ರಿ."

ಯಾರೂ ನಗಲಿಲ್ಲ. ಬಾಗಿಲ ಒಳಗೆ ನಿಂತಿದ್ದ ಅಮ್ಮ, ಗಂಡಸರ ಮಾತಿಗೆ ಎಂದೂ ಬಾಯಿ ಹಾಕದವಳು, ಅಲ್ಲಿಂದಲೇ ಕೇಳಿದಳು: "ಹೌದೇನ್ರೀ? ಬೇರೆ ಹುಡುಗ ಆಗಿದ್ರೆ?"

ಅಪ್ಪ ಟವಲಿನ ಅಂಚಿನ ದಾರವನ್ನು ಬೆರಳಿಗೆ ಸುತ್ತುತ್ತ ಇದ್ದರು. "ಬೇರೆ ಹುಡುಗ ನನ್ನ ಬಾಯಿಂದ ಸೀಟಿ ಕಿತ್ಕೊಳ್ತಿರ್ಲಿಲ್ಲ" ಅಂದರು.

ಆ ಮಾತು ತೀರ್ಪೋ, ಸಂಕಟವೋ ನನಗೆ ಅಂದು ತಿಳಿಯಲಿಲ್ಲ. ಈಗ ಎರಡೂ ಇರಬಹುದು ಅನ್ನಿಸುತ್ತದೆ, ಹಾಗೆ ಅನ್ನಿಸಿದಾಗ ನನಗೆ ಅಳುವೂ ಬರುವುದಿಲ್ಲ. ನಡೆದದ್ದನ್ನಷ್ಟೇ ಹೇಳುತ್ತೇನೆ. ಮಾವನಿಗೆ ಎಷ್ಟೋ ಕಾಲದ ಮೇಲೆ ಚಿತ್ತೂರಿನ ಕಡೆ ಒಂದು ಬಟ್ಟೆಯಂಗಡಿಯಲ್ಲಿ ಕೆಲಸ ಸಿಕ್ಕಿತು. ನನ್ನ ಮದುವೆಗೆ ಬಂದ, ಕುರ್ಚಿಯಲ್ಲಿ ನೆಂಟರ ಹಾಗೆ ಕೂತ, ಅಪ್ಪನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅಪ್ಪನ ಟವಲು ಅವತ್ತು ಇಡೀ ದಿನ ಹೆಗಲ ಮೇಲೆಯೇ ಇತ್ತು. ಅವರು ಮಾತಿನ ನಡುವೆ ಆಗಾಗ ಅದನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು, ಬೆನ್ನನ್ನು ಬೇಕೆಂದೇ ಮಾವನ ಕಡೆ ಮಾಡಿ ನಿಲ್ಲುತ್ತಿದ್ದರು. ಯಾರೂ ಎಳೆಯಲಿಲ್ಲ. ಆ ಭಾನುವಾರದ ನಂತರ ಅಪ್ಪ ಯಾವ ಆಟಕ್ಕೂ ನಿಲ್ಲಲಿಲ್ಲ. ಹಿತ್ತಾಳೆಯ ಸೀಟಿ ಮೊಳೆಯಲ್ಲಿ ತೂಗುತ್ತ ಹಸಿರುಗಟ್ಟಿತು. ಜಗಲಿ ಇದ್ದ ಕಡೆ ಈಗ ಮೊಬೈಲಿನ ಅಂಗಡಿಯಿದೆ.

ಆದರೆ ಅಂದು ಸಂಜೆ ಅದೊಂದೂ ನಮಗೆ ಗೊತ್ತಿರಲಿಲ್ಲ. ಜಗಲಿಯಲ್ಲಿ ವಾದ ಮತ್ತೆ ಹತ್ತಿಕೊಂಡಿತ್ತು. ಅಮ್ಮ ತಮ್ಮನ ಪಾಲಿನ ಮುದ್ದೆಯನ್ನು ತಟ್ಟೆಗಿಟ್ಟು, ಬಸ್ಸಾರಿನ ಬಟ್ಟಲನ್ನು ಪಕ್ಕದಲ್ಲಿಟ್ಟು, ಎರಡನ್ನೂ ಮುಚ್ಚಿ, ಇನ್ನು ಅವನನ್ನು ಊಟಕ್ಕೆ ಕರೆಯಬಹುದು ಎಂದಳು. ಅಷ್ಟರಲ್ಲಿ ಹಿತ್ತಿಲ ಗೋಡೆಯ ಆಚೆಯಿಂದ ಕರೀಂ ಸಾಬರ ಹೆಂಡತಿ ಖತೀಜಮ್ಮ ಕರಿಬೇವು ಕೇಳುತ್ತ ತಲೆ ಹಾಕಿದರು. ಆಟ, ಕಾರ್ಡು ಯಾವುದೂ ಅವರ ಕಿವಿಗೆ ಬಿದ್ದಿರಲಿಲ್ಲ. ಅಮ್ಮ ಕಿತ್ತುಕೊಟ್ಟ ಎಸಳುಗಳನ್ನು ಸೆರಗಿಗೆ ಹಾಕಿಕೊಳ್ಳುತ್ತ, ಹೊರಡುವ ಅವಸರದಲ್ಲಿ ಅಂದರು:

"ನಿಮ್ಮ ತಮ್ಮ ಹಿಂದಿನ ಗಲ್ಲಿಯಲ್ಲಿ ಹಸಿರು ಟ್ರಂಕ್ ಹೊತ್ಕೊಂಡು ಬಸ್‌ಸ್ಟ್ಯಾಂಡ್ ಕಡೆ ಹೋದ್ನಲ್ಲಮ್ಮಾ. ಬೆಂಗಳೂರಿನ ಕೆಲ್ಸ ಆಗ್ಬಿಡ್ತಾ? ಹುಡುಗನ್ನ ಹಾಗೇ ಕಳ್ಸಿದ್ದೀರಲ್ಲ, ಬಾಯಿಗೆ ಒಂಚೂರು ಸಕ್ಕರೆಯಾದ್ರೂ ಹಾಕ್ಬಾರ್ದಿತ್ತಾ?"