ಸೊಪ್ಪಿನ ಮನೆಗೆ ಟೀವಿಯೋ ಪ್ರೊಜೆಕ್ಟರೋ

ಸಿನಿಮಾ ನೋಡುವಾಗ ಪಕ್ಕದಲ್ಲಿ ಯಾರಾದರೂ ಮಾತಾಡಿದರೆ ನನಗೆ ಮೈ ಉರಿಯುತ್ತದೆ. ಇದು ಇವತ್ತಿನದಲ್ಲ. ಹೈಸ್ಕೂಲಿನಲ್ಲಿದ್ದಾಗಲೇ ಶಿಡ್ಲಘಟ್ಟದ ಟಾಕೀಸಿನಲ್ಲಿ ಹಿಂದಿನ ಸಾಲಿನವರತ್ತ ತಿರುಗಿ ಕಣ್ಣು ಬಿಟ್ಟು, ಅವರಿಂದ ಚೆನ್ನಾಗಿ ಬೈಸಿಕೊಂಡವನು ನಾನು. ಅಂಥವನು ಹುಟ್ಟಿದ್ದು ಮಾತ್ರ ಟೀವಿ ಹಾಕಿದ ಕೂಡಲೇ ಎಲ್ಲರಿಗೂ ಊರಿನ ಮಾತೆಲ್ಲ ನೆನಪಾಗುವ ಮನೆಯಲ್ಲಿ. ನಡುಮನೆಯ ಟೀವಿಯಲ್ಲಿ ನಾನು ಪೂರ್ತಿ ಕೇಳಿಸಿಕೊಂಡ ಸಿನಿಮಾ ಒಂದೂ ಇಲ್ಲ.

ನಮ್ಮ ಮನೆ ಶಿಡ್ಲಘಟ್ಟದಿಂದ ಸಾದಲಿಗೆ ಹೋಗುವ ದಾರಿಯಲ್ಲಿ, ತೋಟದ ಮಗ್ಗುಲಿಗಿದೆ. ನಾನು ದಿನಾ ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋಗಿ ಕಚೇರಿಯಲ್ಲಿ ಕಡತ ನೋಡುತ್ತೇನೆ. ತಮ್ಮ ಮತ್ತು ಅಕ್ಕ ರೇಷ್ಮೆ ನೋಡಿಕೊಳ್ಳುತ್ತಾರೆ. ತಂಗಿಯನ್ನು ಗೌರಿಬಿದನೂರಿಗೆ ಕೊಟ್ಟಿದೆ. ಅವಳು ಎರಡು ವಾರಕ್ಕೊಮ್ಮೆ ಭಾನುವಾರ ಮಕ್ಕಳನ್ನು ಕಟ್ಟಿಕೊಂಡು ಬರುತ್ತಾಳೆ. ಆವತ್ತು ಮನೆ ತುಂಬಾ ಜನ, ಜನ ತುಂಬಾ ಮಾತು.

ಅಪ್ಪ ಇದ್ದಾಗ ಮನೆಯ ಹಿಂಭಾಗದಲ್ಲಿ ಅರ್ಧ ನೆಲದೊಳಗೆ ಇಳಿಸಿ ಒಂದು ಕೋಣೆ ಕಟ್ಟಿಸಿದ್ದರು. ಎಂಟು ಮೆಟ್ಟಿಲು ಇಳಿದರೆ ಕಲ್ಲಿನ ಗೋಡೆ, ಮೇಲೆ ನೆಲದ ಮಟ್ಟಕ್ಕೆ ಎರಡು ಗವಾಕ್ಷಿ. ಕೊಯ್ದ ಹಿಪ್ಪುನೇರಳೆ ಸೊಪ್ಪು ಬಾಡಬಾರದೆಂದು ಅಲ್ಲಿ ಒದ್ದೆ ಗೋಣಿ ಹೊದಿಸಿ ಇಡುತ್ತಿದ್ದರು. ಆದ್ದರಿಂದ ಅದು ಸೊಪ್ಪಿನ ಮನೆ. ಈಗ ತಮ್ಮ ಹೊಸ ಶೆಡ್ ಹಾಕಿ, ಹುಳುಗಳಿಗೆ ಕೊಂಬೆ ಸಮೇತ ಸೊಪ್ಪು ಹಾಕುವ ಪದ್ಧತಿಗೆ ಬಂದಿದ್ದಾನೆ. ಸೊಪ್ಪಿನ ಮನೆ ಖಾಲಿ ಬಿತ್ತು. ಮಕ್ಕಳು ಅದಕ್ಕೆ ಬೇಸ್‌ಮೆಂಟ್ ಎಂದು ನಾಮಕರಣ ಮಾಡಿ, ಅಲ್ಲಿ ಸಿನಿಮಾ ನೋಡುವ ವ್ಯವಸ್ಥೆ ಆಗಲೇಬೇಕೆಂದು ಹಠ ಹಿಡಿದರು. ಹೋದ ಬೇಸಿಗೆಯ ಮಾತು ಇದು.

ತಮ್ಮ ದೊಡ್ಡ ಟೀವಿ ಅಂದ. ನಾನು ಪ್ರೊಜೆಕ್ಟರ್ ಅಂದೆ. ಟೀವಿ ಎಷ್ಟು ದೊಡ್ಡದಾದರೂ ಟೀವಿಯೇ, ಅದರ ಮುಂದೆ ಜನ ಅವರೆಕಾಯಿ ಸುಲಿಯುತ್ತಾರೆ. ಪ್ರೊಜೆಕ್ಟರ್ ಹಾಕಿದರೆ ಇಡೀ ಗೋಡೆಯೇ ಸಿನಿಮಾ. ಅದಕ್ಕೆ ಕತ್ತಲೆ ಬೇಕು, ಕತ್ತಲೆಯಲ್ಲಿ ಜನ ಬಾಯಿ ಮುಚ್ಚುತ್ತಾರೆ. ಈ ಕೊನೆಯ ಕಾರಣವನ್ನು ನಾನು ಯಾರಿಗೂ ಹೇಳಲಿಲ್ಲ. ಎಲ್ಲರ ಮುಂದೆ ಹೇಳಿದ್ದು ಅಕ್ಕನ ಹೆಸರು.

ಅಕ್ಕನಿಗೆ ಕಿವಿ ಕೇಳಿಸುವುದಿಲ್ಲ. ಹನ್ನೊಂದನೇ ವಯಸ್ಸಿನಲ್ಲಿ ಬಂದ ಕಾಯಿಲೆಯಲ್ಲಿ ಎರಡು ಕಿವಿಯೂ ಹೋದವು. ಆದರೆ ಅವಳ ಮಾತು ಉಳಿಯಿತು, ಸ್ವಲ್ಪ ಜೋರಾಗಿ, ಹೆಚ್ಚು ಏರಿಳಿತವಿಲ್ಲದೆ. ನಮ್ಮ ಮಾತನ್ನು ಅವಳು ತುಟಿ ನೋಡಿ ಹಿಡಿಯುತ್ತಾಳೆ. ಯಾರೂ ಕಲಿಸಿದ್ದಲ್ಲ. ಎದುರಿಗೆ ಕೂತು ನಮ್ಮ ಬಾಯನ್ನೇ ನೋಡಿ ನೋಡಿ, ಒಂದು ವರ್ಷದಲ್ಲಿ ತಾನೇ ಕಲಿತಳು. ಆ ವರ್ಷ ನನಗೆ ಏಳು. ಅಕ್ಕ ಯಾಕೆ ಹೀಗೆ ದುರುಗುಟ್ಟಿ ನೋಡುತ್ತಾಳೆಂದು ಹೆದರಿ ಅಮ್ಮನ ಸೆರಗು ಹಿಡಿಯುತ್ತಿದ್ದೆ.

ತಮ್ಮನ ಹೆಂಡತಿ ಚಿಂತಾಮಣಿ ಕಡೆಯ ಕೆಂಚಾರ್ಲಹಳ್ಳಿಯವಳು. ಅವಳ ಮಾತು ಅರ್ಧ ತೆಲುಗು, ಸಿಟ್ಟು ಬಂದರೆ ಪೂರ್ತಿ ತೆಲುಗು. ಮದುವೆಯಾದ ಹೊಸದರಲ್ಲಿ ಅಕ್ಕನಿಗೆ ಅವಳ ತುಟಿ ಒಂದೂ ಅರ್ಥವಾಗುತ್ತಿರಲಿಲ್ಲ. ಅಕ್ಕ ಮತ್ತೆ ಎದುರಿಗೆ ಕೂತಳು. ಎರಡು ದೀಪಾವಳಿ ಕಳೆಯುವುದರೊಳಗೆ ತೆಲುಗು ತುಟಿಯೂ ಬಂತು. ಒಂದು ದಿನ ನಾನು ಊಟದಲ್ಲಿ ಉಪ್ಪಿನ ಬಗ್ಗೆ ತಕರಾರು ತೆಗೆದಾಗ ತಮ್ಮನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಮೆಲ್ಲಗೆ, "ಈಯನದಿ ಎಪ್ಪುಡೂ ಇದೇ ಗೋಲ" ಎಂದಳಂತೆ. ನನಗೆ ಕೇಳಿಸಲಿಲ್ಲ. ಕಿವಿ ಕೇಳದ ಅಕ್ಕ ನನ್ನ ಎಲೆಯ ಪಕ್ಕ ಕೂತು, ನಿಂದು ಯಾವಾಗಲೂ ಇದೇ ರಗಳೆ ಅಂತೆ, ಎಂದು ಕನ್ನಡ ಮಾಡಿ ಹೇಳಿದಳು. ನಾನು ಎರಡು ಭಾಷೆಯನ್ನೂ ಕಿವಿಯಿಂದ ಕೇಳಿ ಬೆಳೆದವನು, ಆದರೂ ಅವಳಷ್ಟು ಹಿಡಿಯಲಾರೆ.

ಇಂಥ ಅಕ್ಕನಿಂದ ನಮ್ಮ ಮನೆಗೊಂದು ರೂಢಿ ಬಂದಿದೆ. ನಮ್ಮಲ್ಲಿ ಯಾರೂ ಬೆನ್ನು ತೋರಿಸಿ ಮಾತಾಡುವುದಿಲ್ಲ, ಬಾಯಿಗೆ ಕೈ ಅಡ್ಡ ಇಡುವುದಿಲ್ಲ. ಕರೆಂಟು ಹೋದರೆ ಟಾರ್ಚನ್ನು ನೆಲಕ್ಕೆ ಬಿಡದೆ ತಮ್ಮ ತಮ್ಮ ಮುಖಕ್ಕೇ ಬಿಟ್ಟುಕೊಂಡು ಮಾತಾಡುತ್ತಾರೆ. ತಂಗಿಯ ಮಕ್ಕಳು ಗೌರಿಬಿದನೂರಿನಲ್ಲೂ ಹಾಗೇ ಮಾಡಿ ಅಕ್ಕಪಕ್ಕದವರನ್ನು ಬೆಚ್ಚಿಬೀಳಿಸಿದ್ದಾರೆ. ಎಷ್ಟು ರೂಢಿಯಾಯಿತೆಂದರೆ, ಇದು ಯಾರಿಗಾಗಿ ಎಂಬುದೇ ನಮ್ಮ ತಲೆಯಿಂದ ಜಾರಿಹೋಯಿತು. ಅಕ್ಕ ಎಲ್ಲದಕ್ಕೂ ಉತ್ತರ ಕೊಡುತ್ತಾಳೆ, ಎಲ್ಲರನ್ನೂ ರೇಗಿಸುತ್ತಾಳೆ. ಅವಳಿಗೆ ಕೇಳಿಸುವುದಿಲ್ಲವೆಂದು ನಾವು ಯಾಕೆ ನೆನಪಿಟ್ಟುಕೊಳ್ಳಬೇಕು?

ಕತ್ತಲೆ ಕೋಣೆಯಲ್ಲಿ ಅಕ್ಕ ಮಾತಿನಿಂದ ಹೊರಗೆ ಬೀಳುತ್ತಾಳೆ. ಇಷ್ಟು ಸರಳವಾದ ವಿಷಯ ನನಗೆ ಹೊಳೆಯಲಿಲ್ಲ. ನನ್ನ ವಾದ ಬೇರೆ ಇತ್ತು. ಸಿನಿಮಾದ ಕೆಳಗೆ ಕನ್ನಡ ಅಕ್ಷರ ಬರುವಂತೆ ಮಾಡಬಹುದು, ಗೋಡೆಯ ಮೇಲೆ ಒಂದೊಂದು ಅಕ್ಷರವೂ ಗೇಣುದ್ದ ಇರುತ್ತದೆ, ಅಕ್ಕ ಕನ್ನಡಕವಿಲ್ಲದೆ ಓದುತ್ತಾಳೆ ಎಂದು ಎಲ್ಲರ ಮುಂದೆ ಹೇಳಿದೆ. ತಮ್ಮ, ಹಾಗಾದರೆ ಬೆಲೆ ನೋಡೋಣ ಅಂದ. ಅಕ್ಕ ನಮ್ಮಿಬ್ಬರ ಬಾಯನ್ನೂ ನೋಡುತ್ತಾ ಕೂತಿದ್ದಳು.

ಅಕ್ಕನ ಪಾಲಿನ ಪ್ರಶ್ನೆ ಬೇರೆಯದಾಗಿತ್ತು. ಆ ಕೋಣೆಯನ್ನು ಅವಳು ಬಲ್ಲಷ್ಟು ಬೇರೆ ಯಾರೂ ಬಲ್ಲವರಲ್ಲ. ತಂಪು, ತೇವ ಇರಲೆಂದೇ ಕಟ್ಟಿದ ಜಾಗದಲ್ಲಿ ಯಾವ ಯಂತ್ರ ಬಾಳುತ್ತದೆ ಎಂದಳು. ನಾನೂ ತಮ್ಮನೂ ಫೋನಿನಲ್ಲಿ ಹುಡುಕುತ್ತಾ ಕೂತಾಗ ಅವಳು ನಾಲ್ಕು ಮೂಲೆಗೂ ಒಂದೊಂದು ತಟ್ಟೆಯಲ್ಲಿ ಕಲ್ಲುಪ್ಪು ಇಟ್ಟು ಬಂದಳು. ಹತ್ತು ದಿನ ಬೆಳಿಗ್ಗೆ ಬೆಳಿಗ್ಗೆ ಹೋಗಿ ಯಾವ ತಟ್ಟೆಯ ಉಪ್ಪು ಎಷ್ಟು ನೀರೊಡೆದಿದೆ ಎಂದು ನೋಡಿದಳು. ಅಂಗೈಯನ್ನು ಗೋಡೆಗೆ ಒತ್ತಿ ನಿಂತಳು. ಕೊನೆಗೆ, ತೋಟದ ಕಡೆಯ ಗೋಡೆ ಬೆವರುತ್ತದೆ, ಮನೆಯ ಕಡೆಯ ಗೋಡೆ ಒಣಗಿದೆ, ಏನು ತಂದರೂ ಅಲ್ಲೇ ಇಡಿ, ಸೊಪ್ಪು ಇದ್ದಾಗ ಬೆಳಿಗ್ಗೆ ಮುಚ್ಚುತ್ತಿದ್ದ ಗವಾಕ್ಷಿಯನ್ನು ಇನ್ನು ಬೆಳಿಗ್ಗೆ ತೆರೆಯಿರಿ ಎಂದು ತೀರ್ಪು ಕೊಟ್ಟಳು. ಟೀವಿ ಅಂಗಡಿಯವನಿಗೂ ಗೊತ್ತಿರದ ಸಂಗತಿಯನ್ನು ಅವಳು ನಾಲ್ಕು ತಟ್ಟೆ ಉಪ್ಪಿನಲ್ಲಿ ಕಂಡುಕೊಂಡಿದ್ದಳು. ನನಗೆ ಹೆಮ್ಮೆಯಾಯಿತು. ಹೆಮ್ಮೆಯಲ್ಲಿಯೂ ನನ್ನ ಪ್ರೊಜೆಕ್ಟರಿನ ಹಠ ಸಡಿಲಾಗಲಿಲ್ಲ.

ಕೊಳ್ಳುವ ಮುಂಚೆ ಒಮ್ಮೆ ನೋಡಿಬಿಡೋಣ ಎಂದು, ಚಿಕ್ಕಬಳ್ಳಾಪುರದಲ್ಲಿ ಮದುವೆ ಛತ್ರಗಳಿಗೆ ಪ್ರೊಜೆಕ್ಟರ್ ಹಾಕುವ ಗೆಳೆಯನೊಬ್ಬನಿಂದ ಒಂದನ್ನು ಎರವಲು ತಂದೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಗವಾಕ್ಷಿಗೆ ಗೋಣಿಚೀಲ ತುರುಕಿ ಕತ್ತಲೆ ಮಾಡಿದೆವು. ಕನ್ನಡ ಅಕ್ಷರ ಬರುವ ಸಿನಿಮಾವನ್ನು ನಾನು ಎರಡು ದಿನ ಹುಡುಕಿ ಇಟ್ಟುಕೊಂಡಿದ್ದೆ. ಸುಣ್ಣ ಹೊಡೆದ ಗೋಡೆಯ ಮೇಲೆ ಚಿತ್ರ ಮೂಡಿದಾಗ ಮಕ್ಕಳು ಒಟ್ಟಿಗೆ ಉಸಿರೆಳೆದುಕೊಂಡರು. ಆಮೇಲೆ ನಾನು ಜೀವನವಿಡೀ ಬಯಸಿದ ಮೌನ. ಅರ್ಧ ಗಂಟೆ ಒಬ್ಬರೂ ತುಟಿ ಬಿಚ್ಚಲಿಲ್ಲ. ಅಕ್ಕ ನನ್ನ ಪಕ್ಕದಲ್ಲಿ ಕೂತು ಗೇಣುದ್ದದ ಅಕ್ಷರಗಳನ್ನು ಓದುತ್ತಿದ್ದಳು. ನಾನು ಗೆದ್ದೆ ಅಂದುಕೊಂಡೆ.

ಕತೆಯಲ್ಲಿ ಒಬ್ಬ ಮುದಿ ಜಮೀನ್ದಾರ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು, ಮನೆಯವರನ್ನೆಲ್ಲ ಗುರಾಯಿಸುವ ದೃಶ್ಯ ಬಂತು. ಹಿಂದಿನಿಂದ ತಮ್ಮನ ಹೆಂಡತಿ ಏನೋ ಅಂದಳು. ಇಡೀ ಕೋಣೆ ಗೊಳ್ಳೆಂದಿತು. ತಂಗಿಯಂತೂ ಹೊಟ್ಟೆ ಹಿಡಿದುಕೊಂಡಳು. ಅಕ್ಕನಿಗೆ ನಗು ಕೇಳಿಸದು, ಆದರೆ ಬೆಂಚು ಅಲುಗಿದ್ದು ಗೊತ್ತಾಯಿತು. ತಿರುಗಿ ನೋಡಿದಳು. ಬರೀ ಕಪ್ಪು ತಲೆಗಳು. ಆ ಕಡೆ ಈ ಕಡೆ ನೋಡಿ, ಎಲ್ಲರ ನಗು ಇಳಿಯುವ ಹೊತ್ತಿಗೆ ಅವಳೂ ನಕ್ಕಳು. ಯಾತಕ್ಕೆ ನಗುತ್ತಿದ್ದೇನೆಂದು ತಿಳಿಯದೆ ಅಕ್ಕ ನಕ್ಕದ್ದನ್ನು ನಾನು ಆವತ್ತೇ ಮೊದಲು ನೋಡಿದ್ದು.

ಒಂದು ನಿಮಿಷ ಕಳೆದು ಅಕ್ಕ ಎದ್ದಳು. ಬದಿಗಿದ್ದ ಒಂದು ಮಣೆ ಎತ್ತಿಕೊಂಡು ಹೋಗಿ ಗೋಡೆಯ ಬುಡದಲ್ಲಿ, ಚಿತ್ರಕ್ಕೆ ಬೆನ್ನು ಹಾಕಿ, ನಮ್ಮ ಕಡೆ ಮುಖ ಮಾಡಿ ಕೂತಳು. ಅವಳ ತಲೆಯ ನೆರಳು ಸಿನಿಮಾದ ನಡುಮಧ್ಯಕ್ಕೆ ಬಿತ್ತು. ನನ್ನ ಹಳೆಯ ಉರಿ ತಲೆಗೇರಿತು. ಅಕ್ಕಾ, ಅಡ್ಡ ಬರ್ತಾ ಇದ್ದೀಯ ಎಂದೆ. ಅವಳು ಅಲುಗಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಮೂರನೆಯ ಸಲ ಕೋಣೆ ಗುಂಯ್‌ಗುಡುವ ಹಾಗೆ ಕೂಗಿದೆ.

ಯಾರೂ ನಗಲಿಲ್ಲ. ಕಿವಿ ಕೇಳದ ಅಕ್ಕನನ್ನು ನಾನು ಕತ್ತಲೆಯಲ್ಲಿ ಕೂಗುತ್ತಿದ್ದೆ. ಅವಳು ಕಣ್ಣು ಕಿರಿದು ಮಾಡಿಕೊಂಡು, ಗೋಡೆಯಿಂದ ನಮ್ಮ ಮುಖಕ್ಕೆ ಬೀಳುವ ಅಷ್ಟಿಷ್ಟು ಬೆಳಕಿನಲ್ಲಿ ಒಬ್ಬೊಬ್ಬರ ಬಾಯನ್ನೂ ಹುಡುಕುತ್ತಿದ್ದಳು. ನನಗೆ ನಾಚಿಕೆಯಾಯಿತು. ಇವತ್ತಿಗೂ ಆಗುತ್ತದೆ.

ತಮ್ಮನ ಹೆಂಡತಿ ಫೋನಿನ ಟಾರ್ಚು ಹತ್ತಿಸಿ ತನ್ನ ಗಲ್ಲದ ಕೆಳಗೆ ಹಿಡಿದುಕೊಂಡು, ನೆರಳು ಬೀಳುತ್ತಿದೆ ಎಂದು ಅಕ್ಕನಿಗೆ ಹೇಳಿದಳು.

"ಬೀಳ್ಲಿ ಬಿಡಮ್ಮ," ಎಂದಳು ಅಕ್ಕ. "ಆಗ್ಲೇ ಏನೋ ಅಂದ್ಯಲ್ಲ, ಎಲ್ರೂ ನಕ್ರಲ್ಲ, ಅದೇನು ಹೇಳು."

ತಮ್ಮನ ಹೆಂಡತಿ ನನ್ನ ಕಡೆ ನೋಡಿ ನಾಲಿಗೆ ಕಚ್ಚಿಕೊಂಡಳು. ನಾನು ಎದ್ದು ದೀಪ ಹಾಕಿದೆ. ಆ ಜಮೀನ್ದಾರ ಕಚೇರಿಯಿಂದ ಬಂದ ನನ್ನ ಹಾಗೇ ನಿಂತಿದ್ದಾನೆ ಅಂದಳು, ಎಂದು ನನ್ನ ಬಾಯಿಂದಲೇ ಅಕ್ಕನಿಗೆ ಹೇಳಬೇಕಾಯಿತು. ಸೊಂಟಕ್ಕೆ ಕೈಯಿಟ್ಟು ನಿಂತು ತೋರಿಸಿದೆ ಕೂಡ. ಅಕ್ಕ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

ಎಲ್ಲರೂ ಕಾಫಿಗೆ ಮೇಲೆ ಹೋದ ನಂತರ ನಾನೂ ಅವಳೂ ಗವಾಕ್ಷಿಯ ಗೋಣಿಚೀಲ ತೆಗೆಯುತ್ತಿದ್ದೆವು. ಇಷ್ಟು ದಿನ ಯಾಕೆ ಒಂದು ಮಾತು ಹೇಳಲಿಲ್ಲ ಎಂದು ಕೇಳಿದೆ.

"ಏನಂತ ಹೇಳ್ಲೋ? ಕತ್ತಲಾದ್ರೆ ನಂಗೆ ಕಿವಿ ಕೇಳ್ಸಲ್ಲ ಅಂತ ಹೇಳ್ಲಾ?"

ತನಗೆ ಕಿವಿ ಕೇಳಿಸುವುದಿಲ್ಲ ಎಂಬ ಮಾತನ್ನು ಅವಳ ಬಾಯಿಂದ ನಾನು ಅಲ್ಲಿಯ ತನಕ ಕೇಳಿರಲಿಲ್ಲ. ಬೆಳಕಿರುವ ಹೊತ್ತಿನಲ್ಲೆಲ್ಲ ತಾನು ಕೇಳಿಸಿಕೊಳ್ಳುವವಳೆಂದೇ ಅವಳು ಬದುಕಿದ್ದಳು. ಅವಳ ಲೆಕ್ಕದಲ್ಲಿ ಅದು ನಿಜವೇ.

ಆಮೇಲೆ ಅವಳು, ಮಕ್ಕಳು ಎಷ್ಟು ಖುಷಿಯಾಗಿದ್ದರು ನೋಡಿದೆಯಾ, ಪ್ರೊಜೆಕ್ಟರನ್ನೇ ತಾ, ನನಗಾಗಿ ನಿನ್ನ ಆಸೆ ಬಿಡಬೇಡ ಎಂದಳು. ನಿನಗಾಗಿ ಅಲ್ಲ, ಟೀವಿಯಲ್ಲೇ ಬಣ್ಣ ಚೆನ್ನಾಗಿ ಬರುತ್ತದೆಂದು ನನಗೂ ಈಗ ಅನ್ನಿಸಿದೆ ಎಂದೆ. ಅವಳು ನನ್ನ ತುಟಿಯನ್ನೇ ಸ್ವಲ್ಪ ಹೊತ್ತು ನೋಡಿದಳು.

"ಸುಳ್ಳು ಹೇಳೋದಾದ್ರೆ ಚೀಲ ತೆಗೆಯೋಕೆ ಮುಂಚೆ, ಕತ್ತಲಲ್ಲೇ ಹೇಳ್ಬೇಕಾಗಿತ್ತು ಕಣೋ," ಎಂದು ಗೋಣಿಗಳನ್ನು ಮಡಿಸಿಕೊಂಡು ಮೆಟ್ಟಿಲು ಹತ್ತಿದಳು.

ಮರುವಾರ ನಾನೂ ತಮ್ಮನೂ ಚಿಂತಾಮಣಿಗೆ ಹೋಗಿ ದೊಡ್ಡ ಟೀವಿ ತಂದೆವು. ಮೆಟ್ಟಿಲ ತಿರುವಿನಲ್ಲಿ ಅದನ್ನು ಇಳಿಸುವಾಗ ಇಬ್ಬರಿಗೂ ಬೆವರು ಕಿತ್ತುಬಂತು. ಅಕ್ಕ ಹೇಳಿದ ಒಣಗೋಡೆಗೇ ಮೊಳೆ ಹೊಡೆದದ್ದು. ಬೆಂಚುಗಳನ್ನು ಸಾಲಾಗಿ ಇಡದೆ, ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ಕಮಾನಿನ ಹಾಗೆ ಬಳಸಿ ಇಟ್ಟೆವು. ಟ್ಯೂಬ್‌ಲೈಟನ್ನು ಆರಿಸುವುದೇ ಇಲ್ಲ. ಅದರ ಬಿಳಿ ಗೆರೆಯೊಂದು ಯಾವಾಗಲೂ ಪರದೆಯ ಮೇಲ್ಭಾಗದಲ್ಲಿ ಕಾಣುತ್ತದೆ. ಮೊದಮೊದಲು ಅದನ್ನು ನೋಡಿ ಹಲ್ಲು ಕಡಿಯುತ್ತಿದ್ದೆ. ಆಮೇಲೆ ಬಿಟ್ಟೆ.

ಟೀವಿ ಬಂದ ಮೇಲೆ ಗೊತ್ತಾದ ಸಂಗತಿ ಒಂದಿದೆ. ಆ ಕೋಣೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುವವಳು ಅಕ್ಕ. ನಾಯಕಿಯ ಸೀರೆ ಯಾವ ಜಾತಿಯ ರೇಷ್ಮೆ, ಖಳನ ಮೀಸೆ ಯಾಕೆ ಒಂದು ಕಡೆ ಇಳಿದಿದೆ, ಯಾರ ತುಟಿಗೂ ಕೆಳಗಿನ ಅಕ್ಷರಕ್ಕೂ ಹೊಂದುವುದಿಲ್ಲವಾದ್ದರಿಂದ ಇದು ಬೇರೆ ಭಾಷೆಯಿಂದ ಬಂದ ಸಿನಿಮಾ ಎಂದೆಲ್ಲ ಹೇಳುತ್ತಲೇ ಇರುತ್ತಾಳೆ. ತನ್ನ ದನಿ ಎಷ್ಟು ದೊಡ್ಡದೆಂದು ಅವಳಿಗೆ ಅಂದಾಜು ಸಿಗುವುದಿಲ್ಲ. ಕತ್ತಲೆಯ ಆ ಅರ್ಧ ಗಂಟೆಯಲ್ಲಿ ಅವಳು ಒಂದು ಮಾತೂ ಆಡಿರಲಿಲ್ಲ ಎಂಬುದು ನನ್ನ ಲಕ್ಷ್ಯಕ್ಕೆ ಬಂದದ್ದು ಇದಾದ ಮೇಲೆ.

ಮೊನ್ನೆ ಭಾನುವಾರ ಒಂದು ಒಳ್ಳೆಯ ಸಿನಿಮಾದ ಕೊನೆಯ ಹತ್ತು ನಿಮಿಷ ನಡೆಯುತ್ತಿತ್ತು. ಕೊಲೆ ಮಾಡಿದವನು ಯಾರೆಂದು ತಿಳಿಯಬೇಕಿತ್ತು. ತೆರೆಯ ಮೇಲೆ ಯಾವುದೋ ತೋಟ ಕಂಡದ್ದೇ ತಡ, ಅಕ್ಕ ಶುರು ಮಾಡಿದಳು. ಅವಳಿಗೆ ಹದಿನಾರು ವರ್ಷವಿದ್ದಾಗ ಹುಳು ಹಣ್ಣಾಗಿ ಗೂಡು ಕಟ್ಟಲು ಎರಡೇ ದಿನವಿರುವಾಗ ನಮ್ಮ ಸೊಪ್ಪು ಮುಗಿದುಹೋಯಿತಂತೆ. ಅಪ್ಪ ಪಕ್ಕದ ಊರಿನ ಒಬ್ಬರನ್ನು ಕೇಳಿ ಅವರ ತೋಟದ ಸೊಪ್ಪು ಕೊಡಲು ಒಪ್ಪಿಸಿದ್ದರಂತೆ. ಅಕ್ಕ ಒಬ್ಬಳೇ ಹೋಗಿ ಗುರುತು ತಪ್ಪಿ ಇನ್ಯಾರದೋ ತೋಟಕ್ಕೆ ನುಗ್ಗಿದ್ದಾಳೆ. ಅರ್ಧ ಸಾಲು ಕೊಯ್ದಿದ್ದಾಳೆ. ತೋಟದವನು ಹಿಂದಿನಿಂದ ಕೂಗುತ್ತಾ ಓಡಿಬರುತ್ತಿದ್ದಾನೆ, ಇವಳು ಆರಾಮಾಗಿ ಕೊಯ್ಯುತ್ತಲೇ ಇದ್ದಾಳೆ. ಅವನು ಬಂದು ಎದುರಿಗೆ ನಿಂತ ಮೇಲೆಯೇ ಅವನ ಬಾಯಿ ಕಂಡದ್ದು.

ಮಕ್ಕಳೆಲ್ಲ ಟೀವಿಗೆ ಬೆನ್ನು ಹಾಕಿ ಅವಳ ಕಡೆ ತಿರುಗಿದ್ದರು. ತೆರೆಯ ಮೇಲೆ ಪೊಲೀಸರು ಒಂದು ಬಾಗಿಲು ಒಡೆದರು. ಯಾರ ಬಾಗಿಲೋ ನನಗೆ ತಿಳಿಯಲಿಲ್ಲ. ನಾನು ಬಾಯಿ ತೆರೆದೆ. ಅಕ್ಕ ತಕ್ಷಣ ಮಾತು ನಿಲ್ಲಿಸಿ, ನಾನು ಏನು ಹೇಳುತ್ತೇನೆಂದು ನನ್ನ ತುಟಿಯನ್ನೇ ನೋಡುತ್ತಾ ಕಾದಳು.

"ಆಮೇಲೇನಾಯ್ತಕ್ಕ?" ಎಂದೆ.